ಹನ್ನೆರಡು ತಟ್ಟೆಯ ಮುಯ್ಯಿ

ಬಸ್ಸಿನಿಂದ ಇಳಿದವನು ಅಳಿಯ ಕೆಂಚೇಶನೇ ಎಂದು ಖಾತ್ರಿಯಾಗುವ ಹೊತ್ತಿಗೆ ಜಯಪ್ಪನ ಮಡಿಲಲ್ಲಿದ್ದ ಹಿತ್ತಾಳೆ ಕೊಡದ ಮೇಲೆ ‘ಮುಯ್ಯಿ’ ಎಂಬ ಮಾತು ಅರ್ಧ ಮೂಡಿತ್ತು. ‘ಮು’ ಮುಗಿಸಿ ಮುಂದಿನ ಅಕ್ಷರಕ್ಕೆ ತಿರುಗಬೇಕಾಗಿದ್ದ ಉಳಿ ಅಲ್ಲೇ ನಿಂತುಬಿಟ್ಟಿತು. ಎದುರಿಗೆ ಕೂತಿದ್ದ ಸಾಸ್ವೆಹಳ್ಳಿಯ ಹೆಂಗಸು, ‘ಯಾಕೆ ಯಜಮಾನ, ಅಕ್ಷರ ಮರೆತೋದ್ವೇನು? ದೊಡ್ಡದಾಗಿ ಹಾಕು. ಅವರು ನಮ್ಮನೆ ಮದುವೆಗೆ ಕೊಟ್ಟ ಕೊಡ ಮೂರೇ ದಿನಕ್ಕೆ ಸೋರ್ತು. ನಾವು ಕೊಟ್ಟಿದ್ದನ್ನ ಅವಳು ನೀರು ಹಿಡಿಯಾಕೆ ಹೋದಾಗೆಲ್ಲ ನೋಡ್ಬೇಕು, ನೋಡಿ ಉರೀಬೇಕು’ ಎಂದು ನಕ್ಕಳು. ಜಯಪ್ಪ ನಗಲಿಲ್ಲ. ನಲವತ್ತು ವರ್ಷದಿಂದ ನ್ಯಾಮತಿಯ ಈ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕೂತು, ಬಂದವರನ್ನೆಲ್ಲ ‘ಏನಂತ ಹಾಕಲಿ?’ ಎಂದು ಒಂದೇ ಮಾತು ಕೇಳಿ, ಅವರು ಹೇಳಿದ ಹೆಸರನ್ನು ಲೋಹಕ್ಕೆ ಹಾಕಿ ಕಳಿಸಿದ್ದಾನೆ. ಕೊಟ್ಟವರಿಗೆ ತಿರುಗಿ ಕೊಡುವುದೂ ಮುಯ್ಯಿ, ಕೆಡುಕು ಮಾಡಿದವರಿಗೆ ತಿರುಗಿ ಮಾಡುವುದೂ ಮುಯ್ಯಿ; ಒಂದೇ ಮಾತಿನಲ್ಲಿ ಎರಡನ್ನೂ ಇಟ್ಟ ಹಿರಿಯರು ಪಾತ್ರೆಯ ಲೆಕ್ಕವನ್ನೂ ಮನಸ್ಸಿನ ಲೆಕ್ಕವನ್ನೂ ಚೆನ್ನಾಗಿ ಬಲ್ಲವರಾಗಿದ್ದರು ಎಂದು ಈ ಹನ್ನೊಂದು ತಿಂಗಳಲ್ಲಿ ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಕೆಂಚೇಶ ರಸ್ತೆ ದಾಟುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ. ಅಂಗಿಗೆ ಇಸ್ತ್ರಿ ಮಾಡಿಕೊಳ್ಳುವಷ್ಟು ಮನಸ್ಸು ಇವನಿಗೆ ಆಗಲೇ ಬಂತೇ ಎಂದು ಜಯಪ್ಪ ಆ ಅಂಗಿಯ ಮಡಿಕೆಗಳನ್ನೇ ನೋಡಿದ. ಆಮೇಲೆ ಉಳಿಯನ್ನು ಊರಿ, ಬೇಕಾದ್ದಕ್ಕಿಂತ ಜೋರಾಗಿ ಸುತ್ತಿಗೆ ಹಾಕಿದ.

‘ಮಾವ, ಆರಾಮದೀರಾ?’

‘ಹೂಂ.’

ಗಲ್ಲಾದ ಹಿಂದಿನಿಂದ ಅಂಗಡಿಯ ಬಸವರಾಜ್ ಕತ್ತು ಚಾಚಿ, ‘ಅಳಿಯಂದಿರು ಬಂದಾರೆ! ಜಗಳೂರಿಂದ ಇಷ್ಟು ದೂರ! ಚಾ ತರಿಸ್ಲೇನು ಜಯಪ್ಪಣ್ಣ?’ ಎಂದ. ಅಳಿಯ ಎಂಬ ಮಾತು ಕೇಳಿ ಜಯಪ್ಪನ ಕಿವಿ ಕಾದವು. ಮಗಳೇ ಮಣ್ಣಾದ ಮೇಲೆ ಅಳಿಯ ಯಾವ ಲೆಕ್ಕದಲ್ಲಿ ಅಳಿಯ? ಆದರೆ ಬಸವರಾಜನಿಗೆ ಅದನ್ನು ಹೇಳುವುದು ಹೇಗೆ? ಹನ್ನೊಂದನೆಯ ದಿನ ಕಳೆದು ನಾಲ್ಕು ದಿನಕ್ಕೆ ಜಗಳೂರಿನ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಇದೇ ಜಗಲಿಯ ಎದುರು ನಿಂತು, ‘ಪಾತ್ರೆ ಜಯಪ್ಪ ಅಂದ್ರೆ ಯಾರ್ರೀ? ಒಂದು ಚೀಲ ಐತೆ, ಲಗೇಜು ಕೊಟ್ಟು ಬಿಡಿಸ್ಕೊಳ್ರಿ’ ಎಂದು ಕೂಗಿದ್ದನ್ನು ಬಸವರಾಜನೂ ಕೇಳಿದ್ದ. ಒಬ್ಬ ಮನುಷ್ಯನೂ ಜೊತೆಗೆ ಬಂದಿರಲಿಲ್ಲ. ಗೋಣಿಚೀಲ, ಸುತ್ತ ಪ್ಲಾಸ್ಟಿಕ್ ದಾರ, ಒಳಗೆ ಮಗಳು ಚೈತ್ರಶ್ರೀಯ ತವರಿನ ಪಾತ್ರೆಗಳು. ಬೊಮ್ಮಕ್ಕ ಫೋನಿನಲ್ಲಿ, ‘ನಿಮ್ಮ ಪಾತ್ರೆ ನಿಮಗೆ ಕಳಿಸೀವಿ ಬೀಗರೇ, ನಾಳೆ ಮಾತು ಬರಬಾರದು ನೋಡ್ರಿ’ ಎಂದಿದ್ದಳು. ಕೆಂಚೇಶನ ತಾಯಿ ಅವಳು. ಜಯಪ್ಪ ಅಂದು ಕಂಡಕ್ಟರ್ ಕೇಳಿದಷ್ಟು ಲಗೇಜು ಕೊಟ್ಟು, ಚೀಲವನ್ನು ಹೆಗಲ ಮೇಲೆ ಹೊತ್ತು ಮನೆಗೆ ನಡೆದಿದ್ದ. ಹೆಜ್ಜೆ ಹೆಜ್ಜೆಗೂ ಒಳಗಿನ ತಟ್ಟೆಗಳು ಕಿಣಿಗುಟ್ಟುತ್ತಿದ್ದವು. ದಾರಿಯಲ್ಲಿ ಸಿಕ್ಕ ಜನ ವ್ಯಾಪಾರದ ಚೀಲವೆಂದುಕೊಂಡರು.

ಕೆಂಚೇಶ ಜಗಲಿಯ ಅಂಚಿಗೆ ಕೂತು, ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಬೆರಳುದ್ದದ ಕಪ್ಪು ವಸ್ತು, ತುದಿಯಲ್ಲಿ ತಗಡಿನ ನಾಲಿಗೆ, ಮೈಮೇಲೆ ಎರಡು ಗುಂಡಿ. ಜಯಪ್ಪನಿಗೆ ಒಡನೆಯೇ ಗುರುತು ಸಿಕ್ಕಿತು.

‘ಇದು ಖಾಲಿ ಆತು ಮಾವ’ ಎಂದ ಕೆಂಚೇಶ. ‘ಬೀರುವಿನಾಗೆ ಅವಳ ಸೀರೆ ಮಡಿಕೇಲಿ ಇತ್ತು. ನಂಬರ್ ಕೇಳ್ತು. ಅವಳು ಹುಟ್ಟಿದ ದಿನ ಒತ್ತಿದೆ, ಆಗಲಿಲ್ಲ. ನಮ್ಮ ಮದುವೆ ದಿನ ಒತ್ತಿದೆ. ಮೂರನೇದಕ್ಕೆ ನನ್ನ ಗಾಡಿ ನಂಬರ್ ಒತ್ತಿದೆ. ಮೂರು ತಪ್ಪಿದ್ರೆ ತಾನೇ ಎಲ್ಲಾ ಅಳಿಸ್ಕೊಳ್ತೈತಂತೆ. ಮೊಬೈಲ್ ಅಂಗಡಿ ಪ್ರದೀಪ್ ಹೇಳಿದ, ಹನ್ನೆರಡು ಪದ ಇದ್ರೆ ಇನ್ನೊಂದು ಇಂಥದ್ದು ತಂದು ಎಲ್ಲಾ ವಾಪಸ್ ಬರಿಸ್ಬೋದಂತೆ.’

ಹುಟ್ಟಿದ ದಿನ, ಮದುವೆಯ ದಿನ, ಗಾಡಿ ನಂಬರ್. ಅವಳ ಗುಟ್ಟು ಹುಡುಕಲು ಇವನಿಗೆ ಮೂರನೆಯ ಸಲಕ್ಕೆ ತನ್ನದೇ ಗೂಡ್ಸ್ ಗಾಡಿ ನೆನಪಾಯಿತು! ಜಯಪ್ಪನಿಗೆ ಒಳಗೊಳಗೇ ಒಂದು ಸಂತೋಷವಾಯಿತು, ನೋವಿರುವ ಹಲ್ಲನ್ನು ನಾಲಿಗೆಯಿಂದ ಒತ್ತಿದಾಗ ಆಗುವಂಥದು. ತಾಯಿ ದುರುಗಮ್ಮ, ನೀನು ಕಣ್ಣು ಬಿಟ್ಟೆಯಾ? ಹನ್ನೊಂದು ತಿಂಗಳು ದಿನಾ ಸಂಜೆ ದೀಪ ಹಚ್ಚಿ ಅವನು ಬೇಡಿಕೊಂಡದ್ದು ಇದನ್ನೇ. ಇವನ ಗಾಡಿ ಉರುಳಲಿ ಎಂದು ಒಂದು ಸಲವೂ ಕೇಳಿರಲಿಲ್ಲ. ಇವನು ಏನನ್ನೋ ಕೇಳಿಕೊಂಡು ನನ್ನ ಬಾಗಿಲಿಗೆ ಬರಲಿ, ಇಲ್ಲ ಎನ್ನುವ ಭಾಗ್ಯ ನನಗೆ ಕೊಡು ಎಂದು ಕೇಳಿದ್ದ. ದೇವರಲ್ಲಿ ಕೇಳಬಾರದ್ದು ಎಂದು ಗೊತ್ತಿತ್ತು. ಕೇಳಿದ ಮೇಲೆ ಗಲ್ಲ ಬಡಿದುಕೊಂಡು ಮತ್ತೆ ಕೇಳುತ್ತಿದ್ದ.

ಆ ಕಪ್ಪು ವಸ್ತು ಮೊದಲ ಸಲ ಈ ಊರಿಗೆ ಬಂದದ್ದು ಚೈತ್ರಶ್ರೀಯ ಕೈಯಲ್ಲಿ. ಪಂಚಮಿಗೆ ಬಂದವಳು ಉಂಡೆ ಮುರಿಯುತ್ತ ಚಾಪೆಯ ಮೇಲೆ ಅಂಗಡಿ ಹರಡಿದ್ದಳು. ಈ ಕಪ್ಪಿನದು, ಒಂದು ಬಿಳಿ ಕಾಗದ, ಲ್ಯಾಮಿನೇಷನ್ ಮಾಡಿದ ಒಂದು ಚೀಟಿ, ಅವಳ ಫೋನು. ‘ಅಪ್ಪಾ, ನೀನು ಬಾಳಿಕೆ ಬಲ್ಲವನು, ಹೇಳು. ಇದರಾಗೆ ಯಾವುದು ಬಾಳ್ತೈತೆ?’ ಮದುವೆಗೆ ಮುಂಚೆ ಚನ್ನಗಿರಿಯ ಫ್ಲೆಕ್ಸ್ ಅಂಗಡಿಯಲ್ಲಿ ಅಕ್ಷರ ಬರೆಯುತ್ತಿದ್ದವಳು, ಜಗಳೂರಿಗೆ ಹೋದ ಮೇಲೆ ಅದೇ ಕೆಲಸವನ್ನು ಫೋನು ಕಂಪ್ಯೂಟರಿನಲ್ಲಿ ಯಾವ ಯಾವುದೋ ದೇಶದವರಿಗೆ ಮಾಡಿಕೊಡುತ್ತಿದ್ದಳು. ಅಪ್ಪನ ಉಳಿಯ ತಿರುವು ಅವಳ ಬೆರಳಿಗೆ ಬಂದಿತ್ತು. ಆ ಹೊರದೇಶದ ಗಿರಾಕಿಗಳಲ್ಲಿ ಕೆಲವರು ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ನಾಣ್ಯ ಕೊಡುತ್ತಿದ್ದರು. ‘ಈ ಕಪ್ಪಿನದರ ಒಳಗೆ ಐತೇನವ್ವ ನಾಣ್ಯ?’ ಎಂದು ಜಯಪ್ಪ ಕೇಳಿದ್ದ. ‘ಇಲ್ಲಪ್ಪ, ಇದರಾಗೆ ಬೀಗದ ಕೈ ಮಾತ್ರ ಇರೋದು. ಫೋನಿನಾಗೆ ಇಟ್ರೆ ಎಲ್ಲೋ ಕೂತವನು ಕದೀತಾನೆ. ಇದಕ್ಕೆ ಇಂಟರ್ನೆಟ್ ಸಂಬಂಧ ಇಲ್ಲ, ಹೆದರಿಕೆ ಇಲ್ಲ. ಆದ್ರೆ ಇದು ಕೆಟ್ರೆ, ಕಳೆದ್ರೆ? ಅದಕ್ಕೆ ಅದು ಹನ್ನೆರಡು ಪದ ಕೊಡ್ತೈತೆ. ಆ ಪದ ಇದ್ರೆ ಇನ್ನೊಂದು ಬೀಗದ ಕೈ ಆತು. ಈಗ ಆ ಪದ ಎಲ್ಲಿಡ್ಲಿ?’ ಜಯಪ್ಪ ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದ್ದ, ಗಿರಾಕಿ ತಂದ ಹಳೆಯ ಪಾತ್ರೆಯನ್ನು ಬೆರಳಿನಿಂದ ಬಡಿದು ನೋಡುವ ಹಾಗೆ. ಕಾಗದಕ್ಕೆ ಗೆದ್ದಲು, ಇಲಿ. ಪ್ಲಾಸ್ಟಿಕ್ ಹಾಕಿದ್ದಕ್ಕೆ ಬೆಂಕಿ. ‘ಬಾಯಿಪಾಠ ಮಾಡು. ನಮ್ಮಜ್ಜಿ ನೂರು ಪದ ಬಾಯಿಪಾಠ ಹೇಳ್ತಿದ್ಲು’ ಎಂದಿದ್ದ. ಅವಳು ತಲೆಯಾಡಿಸಿ, ‘ಎಲ್ಲಕ್ಕಿಂತ ಮೋಸ ಅದೇ ಅಪ್ಪ. ಮನುಷ್ಯನ ತಲೆ ನಂಬಬಾರದು. ಭಯ ಆದ್ರೆ ಮರೀತೈತೆ, ಸಿಟ್ಟು ಬಂದ್ರೆ ಬದಲಾಯಿಸ್ಕೊಳ್ತೈತೆ’ ಎಂದಿದ್ದಳು. ‘ಹಂಗಾದ್ರೆ ಸ್ಟೀಲು’ ಎಂದ ಜಯಪ್ಪ. ಅವಳು ಚಪ್ಪಾಳೆ ತಟ್ಟಿ ನಕ್ಕಳು. ‘ಅದಕ್ಕೇ ನಿನ್ನ ಹತ್ರ ಬಂದಿದ್ದು! ಫಾರಿನ್ನಿನವರು ಸ್ಟೀಲಿನ ತಗಡಿಗೆ ಸಾವಿರಾರು ರೂಪಾಯಿ ಕೊಡ್ತಾರೆ. ನನಗೆ ಅಪ್ಪನೇ ಅದಾನೆ.’

ಹನ್ನೆರಡು ಊಟದ ತಟ್ಟೆ. ಒಂದೊಂದರ ಬೆನ್ನಿಗೆ ಒಂದೊಂದು ಪದ, ಪಕ್ಕದಲ್ಲಿ ಒಂದರಿಂದ ಹನ್ನೆರಡರ ತನಕ ಚುಕ್ಕಿ. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲೇ ಹಾಕು, ನೋಡಿದವರು ಯಾರದೋ ಹೆಸರು ಅಂದುಕೊಳ್ಳಲಿ ಎಂದಿದ್ದಳು. ಒಂದು ತಟ್ಟೆ ಕದಿಯುವವನು ಇರಬಹುದು, ಹನ್ನೆರಡು ತಟ್ಟೆಯನ್ನು ಬೋರಲು ಹಾಕಿ ಓದುವ ಕಳ್ಳ ಎಲ್ಲಿದ್ದಾನೆ? ಅವಳು ಹೇಳುತ್ತ ಹೋದಳು, ಅವನು ಪ್ರತಿಯೊಂದಕ್ಕೂ ಗಿರಾಕಿಯನ್ನು ಕೇಳಿದಂತೆ ‘ಏನಂತ ಹಾಕಲವ್ವ?’ ಎಂದು ಕೇಳಿ ಹಾಕುತ್ತ ಹೋದ. ರಿಬ್ಬನ್. ಸಾಲ್ಟ್. ಲ್ಯಾಡರ್. ಕಾಟನ್. ಟನಲ್. ಮ್ಯಾಂಗೋ. ರಿವರ್. ಲ್ಯಾಂಪ್. ಒಂಬತ್ತನೆಯ ಪದ ಅವನ ನಾಲಿಗೆಗೆ ಹೊರಳಲಿಲ್ಲ, ಮೂರು ಸಲ ತಪ್ಪಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಬಾಯಿ ತೆರೆದು ತೋರಿಸಿ ಹೇಳಿಕೊಟ್ಟಳು, ಎರಡು ವರ್ಷದ ಮಗುವಾಗಿದ್ದಾಗ ಅವನು ಅವಳಿಗೆ ಹೇಳಿಕೊಟ್ಟಂತೆ. ಹನ್ನೆರಡೂ ಆದ ಮೇಲೆ ಕಾಗದವನ್ನು ಒಲೆಗೆ ಹಾಕಿದಳು. ಅವಳು ಹೋದ ಮೇಲೆ ಜಯಪ್ಪನಿಗೆ ಅವಳ ದನಿಯಾಗಿ ಉಳಿದದ್ದು ಆ ಹನ್ನೆರಡು ಪದ. ಅರ್ಥ ಗೊತ್ತಿಲ್ಲದ ಮಾತು ಮಂತ್ರವಾಗುವುದು ಸುಲಭ. ದಿನಾ ಸಂಜೆ ಶಿವನಾಮ ಮುಗಿಸಿ, ಕಣ್ಣು ಮುಚ್ಚಿ, ಅವಳು ಹೇಳಿದ ಏರಿಳಿತದಲ್ಲೇ ಹನ್ನೆರಡನ್ನೂ ಹೇಳಿಕೊಳ್ಳುತ್ತಿದ್ದ. ಹೇಳುವಷ್ಟು ಹೊತ್ತು ಅವಳು ಚಾಪೆಯ ಮೇಲೆ ಕೂತಿರುತ್ತಿದ್ದಳು.

‘ಅಪ್ಪನ ತಟ್ಟೆ ಮೇಲೆ ನಮ್ಮ ಬದುಕು ಐತೆ ಅಂತ ಒಂದು ಸಲ ನಗಾಡ್ತ ಅಂದಿದ್ಲು’ ಎಂದ ಕೆಂಚೇಶ. ‘ಆಗ ತಿಳೀಲಿಲ್ಲ. ಈಗ ತಿಳೀತು. ತಟ್ಟೆ ನಿಮ್ಮ ಹತ್ರ ಅದಾವಲ್ಲ ಮಾವ?’

‘ಅದಾವೆ. ಚೀಲ ಬಿಚ್ಚಿಲ್ಲ.’

‘ಪ್ರದೀಪ್ ಹೇಳಿದ, ಒಂದೆರಡು ಪದ ಅಳಿಸಿದ್ರೂ ಪರವಾಗಿಲ್ಲಂತೆ, ಮಷಿನ್ನಿಗೆ ಹಾಕಿ ಹುಡುಕ್ತಾನಂತೆ. ನಾಕು ಹೋದ್ವು ಅಂದ್ರೆ ಮಾತ್ರ ದೇವರೇ ಬಂದ್ರೂ ಆಗಲ್ಲಂತೆ.’ ಕೆಂಚೇಶ ದನಿ ತಗ್ಗಿಸಿದ. ‘ಬಂದಿದ್ರಾಗೆ ಅರ್ಧ ನಿಮಗೇ ಮಾವ. ಆಣೆ ಮಾಡಿ ಹೇಳ್ತೀನಿ. ಅವ್ವ ಉಬ್ರಾಣಿ ಕಡೆ ಒಂದು ಹುಡುಗಿ ನೋಡಿಟ್ಟಾಳೆ. ಅದಕ್ಕೆ ಮುಂಚೆ ಇದೊಂದು ಇತ್ಯರ್ಥ ಆಗ್ಲಿ ಅಂತ.’

ಅರ್ಧ. ಜಯಪ್ಪ ಕೊಡವನ್ನು ಬಟ್ಟೆಯಿಂದ ಒರೆಸಿ ಹೆಂಗಸಿನ ಕೈಗೆ ಕೊಟ್ಟ. ಅವಳು ಅಕ್ಷರದ ಮೇಲೆ ಬೆರಳಾಡಿಸಿ, ‘ಈಗ ನೋಡು, ಉರ್ಕೊಂಡು ಸಾಯ್ತಾಳೆ’ ಎಂದು ತೃಪ್ತಿಯಿಂದ ಹೊರಟಳು. ಎಷ್ಟು ಸುಲಭ ಅವಳಿಗೆ. ಚೈತ್ರಶ್ರೀಗೆ ಜ್ವರ ಬಂದ ಮೊದಲ ದಿನವೇ ಆಸ್ಪತ್ರೆಗೆ ಕರೆದೊಯ್ಯದೆ ಮೆಡಿಕಲ್ ಶಾಪಿನ ಗುಳಿಗೆ ಕೊಟ್ಟು, ಬರೀ ಜ್ವರ ಅಲ್ಲೇನು ಎಂದು ಮೂರು ದಿನ ಗಾಡಿ ಓಡಿಸಿಕೊಂಡಿದ್ದವನು ಈಗ ಅವಳನ್ನು ಎರಡು ಪಾಲು ಮಾಡಿ ಒಂದು ಪಾಲು ತಂದಿದ್ದಾನೆ. ‘ನಡಿ ಮನೆಗೆ’ ಎಂದು ಜಯಪ್ಪ ಎದ್ದ.

ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಹೊನ್ನೂರಮ್ಮ ಬಾಗಿಲಲ್ಲಿ ಅಳಿಯನನ್ನು ನೋಡಿ ಒಂದು ಗಳಿಗೆ ಗೋಡೆ ಹಿಡಿದು ನಿಂತಳು, ಆಮೇಲೆ, ‘ಬಾರಪ್ಪ ಕೆಂಚೇಶಪ್ಪ, ಎಷ್ಟು ಸೊರಗಿದೀಯ, ಕೈಕಾಲು ತೊಳಕೊ, ಮುದ್ದೆ ಬಿಸಿ ಐತೆ’ ಎಂದಳು. ಹೆಂಡತಿಯ ಈ ಮೃದುತನ ಜಯಪ್ಪನಿಗೆ ಬೆನ್ನಿಗೆ ಹಾಕಿದ ಪೆಟ್ಟಿನಂತೆ ಇತ್ತು. ಇವನು ಸೊರಗಿದ್ದಾನೆಯೇ? ಅವನು ಕಳ್ಳನಂತೆ ನೋಡಿದ. ಕೊರಳ ಮೂಳೆ ಎದ್ದಿದ್ದವು. ಇಸ್ತ್ರಿ ಅಂಗಿ ಮೈಮೇಲೆ ಮೊಳೆಗೆ ತೂಗುಹಾಕಿದಂತೆ ತೂಗುತ್ತಿತ್ತು. ನೋಡಬಾರದಿತ್ತು ಎಂದು ಮುಖ ತಿರುಗಿಸಿ, ಅಟ್ಟದಿಂದ ಗೋಣಿಚೀಲ ಇಳಿಸಿ, ಪ್ಲಾಸ್ಟಿಕ್ ದಾರವನ್ನು ಕುಡುಗೋಲಿನಿಂದ ಕೊಯ್ದ.

ತಟ್ಟೆಗಳನ್ನು ಒಂದೊಂದಾಗಿ ಬೋರಲು ಹಾಕಿದರು. ಒಂದು ಚುಕ್ಕಿ, ರಿಬ್ಬನ್. ಎರಡು ಚುಕ್ಕಿ, ಸಾಲ್ಟ್. ಕೆಂಚೇಶ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಬರೆಯುವಾಗ ಅವನ ತುಟಿಗಳೂ ಅಲುಗುತ್ತಿದ್ದವು. ಎಂಟು ಚುಕ್ಕಿ, ಲ್ಯಾಂಪ್. ಆಮೇಲೆ ಎರಡು ಬಟ್ಟಲು, ಒಂದು ಸೌಟು, ಚೀಲದ ತಳದ ಧೂಳು.

‘ಇನ್ನು ನಾಕು?’

ಜಯಪ್ಪ ಚೀಲ ಕೊಡವಿದ. ಕೆಂಚೇಶ ತಾಯಿಗೆ ಫೋನು ಹಚ್ಚಿದ. ಬೊಮ್ಮಕ್ಕನ ದನಿ ದೊಡ್ಡದು, ಸ್ಪೀಕರ್ ಬೇಕಿರಲಿಲ್ಲ. ‘ಮೇಲಿನ ನಾಕು ಪ್ಲೇಟಾ? ಅವತ್ತೇ ಬೀದಿಗೆ ಪ್ಲಾಸ್ಟಿಕ್ಕಿನವನು ಬಂದಿದ್ದ ಕಣೋ. ನಾಕು ಪ್ಲೇಟಿಗೆ ಒಂದು ಬಾನಿ ಕೊಟ್ಟ. ಒಳ್ಳೆ ಬಾನಿ, ನೀನೇ ಅದರಾಗೆ ದಿನಾ ಸ್ನಾನ ಮಾಡ್ತೀಯಲ್ಲೋ! ಯಾಕೆ, ನಾಕು ಪ್ಲೇಟಿಗೂ ಲೆಕ್ಕ ಕೇಳ್ತಾನೇನು ನಿಮ್ಮ ಮಾವ?’

ಕೆಂಚೇಶ ಫೋನನ್ನು ನೆಲದ ಮೇಲಿಟ್ಟ. ಜಯಪ್ಪನಿಗೆ ನಗು ಬಂತು. ತಡೆಯಲಾರದಂಥ ನಗು ಒಳಗೇ ಉಕ್ಕಿತು. ನಾನು ಕೈಯೆತ್ತಬೇಕಾಗಲಿಲ್ಲ, ಬಾಯಿ ತೆಗೆಯಬೇಕಾಗಲಿಲ್ಲ. ದೇವರೇ ಬಂದರೂ ಆಗದ ನಾಲ್ಕನ್ನೇ ಎಣಿಸಿಕೊಂಡು ನಿನ್ನ ತಾಯಿ ನಿನ್ನ ಬದುಕನ್ನು ಬಾನಿಗೆ ಮಾರಿದಳು. ದಿನಾ ಅದರಲ್ಲಿ ಮೈ ತೊಳೆದುಕೋ.

‘ಮಾವ.’ ಕೆಂಚೇಶ ತಲೆಯೆತ್ತಿದ. ‘ಅಕ್ಷರ ಹಾಕಿದವರು ನೀವು. ನಿಮಗೇನಾದ್ರೂ ನೆನಪೈತಾ?’

ಒಳಗಿನ ನಗು ಆರಿತು. ಇದೆ ಎನ್ನಬಹುದಿತ್ತು. ಇಲ್ಲ ಎಂದರೂ ಮುಗಿಯುತ್ತಿತ್ತು. ಒಲೆಯ ಕಡೆಯಿಂದ ಹೊನ್ನೂರಮ್ಮನ ಮುದ್ದೆ ತಿರುವುವ ಸದ್ದು ನಿಂತಿತ್ತು. ದಿನಾ ಸಂಜೆ ಗಂಡ ಗೊಣಗುವುದನ್ನು ಅವಳು ಕೇಳಿದವಳು. ಜಯಪ್ಪ ಅಳಿಯನ ಮುಖವನ್ನು ನೋಡಿದ. ಈ ಮುಖವನ್ನು ಅವನು ದ್ವೇಷಿಸುವುದಕ್ಕೆ ಊರಿಗೆಲ್ಲ ಗೊತ್ತಿದ್ದ ಕಾರಣ ಮೂರು ದಿನದ ಗುಳಿಗೆ. ಊರಿಗೆ ಗೊತ್ತಿಲ್ಲದ, ಹೊನ್ನೂರಮ್ಮನಿಗೂ ಗೊತ್ತಿಲ್ಲದ ಕಾರಣ ಇನ್ನೊಂದಿತ್ತು. ಅದು ಇವರಿಬ್ಬರ ನಡುವೆ ಮಾತ್ರ ಇತ್ತು. ಅಂದು ಜ್ವರದ ನಾಲ್ಕನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಜಗಲಿಯಲ್ಲಿ ಮದುವೆ ಗಿರಾಕಿಗಳ ಗದ್ದಲ. ಕೆಂಚೇಶನ ಫೋನು ಬಂತು. ಅತ್ತ ಕಡೆಯೂ ಗದ್ದಲ. ‘ಮಾವ, ಪ್ಲೇಟ್... ಬೇಕಂತೆ... ಎಷ್ಟಾದ್ರೆ ಅಷ್ಟು... ಅರ್ಜೆಂಟು...’ ಮಾತು ಹರಿದು ಹರಿದು ಬರುತ್ತಿತ್ತು. ಪ್ಲೇಟು! ಬೊಮ್ಮಕ್ಕ ತಟ್ಟೆ ಎನ್ನುತ್ತಿರಲಿಲ್ಲ, ಪ್ಲೇಟು ಎನ್ನುತ್ತಿದ್ದಳು. ಆ ಹನ್ನೆರಡು ತಟ್ಟೆ ಜಗಳೂರಿಗೆ ಹೋದಾಗಿನಿಂದ, ‘ನಿಮ್ಮಪ್ಪಗೆ ಪ್ಲೇಟು ಬಿಟ್ರೆ ಬೇರೆ ಏನು ಕೊಡಾಕೆ ಬರ್ತೈತೆ’ ಎಂದು ಅವಳು ಆಡಿಕೊಂಡದ್ದು ಎಷ್ಟು ಸಲ ಮಗಳ ಬಾಯಿಂದ ಕೇಳಿರಲಿಲ್ಲ? ಮಗಳಿಗೆ ಜ್ವರ ಎಂದು ಗೊತ್ತಿತ್ತು, ಆಸ್ಪತ್ರೆ ಸೇರಿದ್ದು ಗೊತ್ತಿರಲಿಲ್ಲ. ಹತ್ತು ಜನ ಗಿರಾಕಿಗಳೆದುರು ಜಯಪ್ಪ ಕೂಗಿದ್ದ: ‘ಹನ್ನೆರಡು ಪ್ಲೇಟು ಕೊಟ್ಟಾತಲ್ಲೋ! ಇನ್ನೆಷ್ಟು ಪ್ಲೇಟು ಬೇಕು ನಿಮ್ಮವ್ವಗೆ? ಭಿಕ್ಷೆಗೆ ನಿಂತೀರೇನು?’ ಕೂಗಿ ಫೋನು ಕಡಿದು, ಅದು ಮತ್ತೆ ಬಡಿದುಕೊಂಡಾಗ ಆರಿಸಿ ಉಳಿಯ ಪೆಟ್ಟಿಗೆಯೊಳಗೆ ಎಸೆದಿದ್ದ. ಅಂಗಡಿಯ ಬಸವರಾಜ್ ಕೂಡ, ‘ಒಳ್ಳೆ ಮಾಡಿದ್ರಿ, ಬೀಗರಿಗೆ ಸದರ ಕೊಡಬಾರದು’ ಎಂದಿದ್ದ. ಸಂಜೆ ಪೆಟ್ಟಿಗೆ ತೆರೆದಾಗ, ದಾವಣಗೆರೆಯ ಆಸ್ಪತ್ರೆಗೆ ಓಡಿದಾಗ, ವಾರ್ಡಿನ ಹೊರಗೆ ಯಾರೋ ನರ್ಸು, ‘ಪ್ಲೇಟ್‌ಲೆಟ್ ಬಹಳ ಕಮ್ಮಿ ಆಗಿತ್ರಿ, ರಕ್ತ ಕೊಡೋರು ಬೆಳಿಗ್ಗೇನೆ ಬಂದಿದ್ರೆ...’ ಎಂದು ಪೂರ್ತಿ ಹೇಳದೆ ಹೋದಾಗ, ಆ ಪದ ಬಾಲ ಸಮೇತ ಮೊದಲ ಸಲ ಅವನ ಕಿವಿಗೆ ಬಿತ್ತು. ಬೆಳಿಗ್ಗೆ ಬಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಮಣ್ಣಿನ ದಿನ ಎಲ್ಲರೆದುರು ಕೆಂಚೇಶ, ‘ಈ ಮುದುಕ ಫೋನು ಕಡಿದ’ ಎಂದು ಎದೆಗೆ ಒದ್ದಿದ್ದರೆ ಜಯಪ್ಪ ಅವನ ಕಾಲು ಹಿಡಿಯುತ್ತಿದ್ದ. ಕೆಂಚೇಶ ಏನೂ ಹೇಳಲಿಲ್ಲ. ತಾಯಿಗೂ ಹೇಳಲಿಲ್ಲ, ಹೇಳಿದ್ದರೆ ಬೊಮ್ಮಕ್ಕ ಬಿಡುತ್ತಿದ್ದಳೇ? ಹನ್ನೊಂದು ತಿಂಗಳಿಂದ ಅವನು ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ. ತೀರಿಸಲಾಗದ್ದನ್ನು ಕೊಟ್ಟವನ ಮೇಲೆ ಬರುವಷ್ಟು ಸಿಟ್ಟು ಕಿತ್ತುಕೊಂಡವನ ಮೇಲೂ ಬರುವುದಿಲ್ಲ.

‘ನೆನಪೈತೆ’ ಎಂದ ಜಯಪ್ಪ. ‘ಬರಕೋ.’

ಕೆಂಚೇಶನ ಕಣ್ಣು ಬೆಳಗಿದ್ದನ್ನು ಅವನು ಪೂರ್ತಿ ನೋಡಿದ, ರುಚಿ ನೋಡುವವನ ಹಾಗೆ. ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಕಣ್ಣು ಮುಚ್ಚಿದ. ಒಂಬತ್ತನೆಯ ಪದ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು, ಅವಳ ನಗುವಿನ ಸಮೇತ. ಅದನ್ನು ಅವನು ಎಂಜಲು ನುಂಗಿದಂತೆ ನುಂಗಿದ. ನುಂಗಿದ ಜಾಗಕ್ಕೆ ಇನ್ನೊಂದು ಇಂಗ್ಲಿಷ್ ಪದ ಬೇಕಾಗಿತ್ತು. ಅವನಿಗೆ ಗೊತ್ತಿದ್ದ ಇಂಗ್ಲಿಷ್ ಆದರೂ ಎಷ್ಟು? ಇದ್ದದ್ದೆಲ್ಲ ಆಸ್ಪತ್ರೆಯ ಆ ಒಂದು ರಾತ್ರಿ ಕಲಿತದ್ದು.

‘ಒಂಬತ್ತು, ವಾರ್ಡ್’ ಎಂದ. ಅವಳು ಹೇಳಿಕೊಟ್ಟ ಏರಿಳಿತದಲ್ಲೇ ಎಂದ. ‘ಹತ್ತು, ಡ್ರಿಪ್.’

ಪೆನ್ನು ಕಾಗದದ ಮೇಲೆ ಹರಿಯುವ ಸದ್ದು. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ! ಉಳಿ ಸರಿಯಾದ ಕೋನಕ್ಕೆ ಕೂತಾಗ ಅಕ್ಷರ ತಾನೇ ಓಡುವಂತೆ. ಇಷ್ಟು ಹಗುರ ಅವನಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಹೋಗು, ಹೊಸ ಕಪ್ಪಿನದನ್ನು ಕೊಂಡು ತಾ, ಪ್ರದೀಪನ ಅಂಗಡಿಯಲ್ಲಿ ಹಗಲೆಲ್ಲ ಕೂರು, ಒತ್ತು, ಮತ್ತೆ ಒತ್ತು.

‘ಹನ್ನೊಂದು, ಬಿಲ್. ಹನ್ನೆರಡು, ಪ್ಲೇಟ್.’

ಪೆನ್ನು ನಿಂತಿತು.

ಜಯಪ್ಪ ಕಣ್ಣು ತೆರೆಯಲಿಲ್ಲ. ಆ ಪದ ಎಲ್ಲಿಂದ ಬಂತು? ಅದನ್ನು ಅವನು ಆರಿಸಿರಲಿಲ್ಲ. ಆಸ್ಪತ್ರೆಯ ಪದಗಳ ಬಾಲ ಹಿಡಿದು ಅದೇ ಹೊರಗೆ ಬಂದಿತ್ತು, ಬಾಗಿಲು ತೆರೆದಿದ್ದರಿಂದ. ಒಲೆಯಲ್ಲಿ ಸೌದೆ ಸಿಡಿಯಿತು. ಎದುರಿಗೆ ಉಸಿರಾಡುವ ಸದ್ದು ಕೇಳುತ್ತಿತ್ತು, ನಿಧಾನವಾಗಿ, ಭಾರ ಎತ್ತಿದವನು ಉಸಿರಾಡುವಂತೆ.

‘ಏನು ಮಾವ? ಹನ್ನೆರಡನೇದು?’

‘ಪ್ಲೇಟ್.’

‘ಪ್ಲೇಟ್’ ಎಂದ ಕೆಂಚೇಶ. ಕೇಳಲಿಲ್ಲ, ಅಂದ. ಆಮೇಲೆ ಪೆನ್ನು ಮತ್ತೆ ಹರಿಯಿತು. ಒಂದು ಸಣ್ಣ ಪದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹರಿಯಿತು.

ಹೊನ್ನೂರಮ್ಮ ಊಟಕ್ಕೆ ಕರೆದಳು. ಬೇರೆ ತಟ್ಟೆ ತೊಳೆದಿರಲಿಲ್ಲವೆಂದು ಹರಡಿದ್ದ ಎಂಟರಲ್ಲೇ ಎರಡನ್ನು ಎತ್ತಿಕೊಂಡು, ಒರೆಸಿ, ಮುದ್ದೆಯಿಟ್ಟು ಹುರುಳಿ ಸಾರು ಬಿಟ್ಟಳು. ಯಾರ ತಟ್ಟೆಯ ಕೆಳಗೆ ಸಾಲ್ಟ್ ಇತ್ತೋ, ಯಾರ ತಟ್ಟೆಯ ಕೆಳಗೆ ರಿವರ್ ಇತ್ತೋ. ‘ಇನ್ನೊಂದು ತುತ್ತು ಹಾಕ್ಕೋ ಅಪ್ಪ’ ಎಂದು ಅವಳ ಉಪಚಾರ ನಡೆದೇ ಇತ್ತು. ಕೆಂಚೇಶ, ‘ಸಾಕ್ರೀ ಅತ್ತೆ, ಹೊನ್ನಾಳಿ ಬಸ್ಸು ತಪ್ಪಿದ್ರೆ ಮುಂದಿನದು ಸಿಗಲ್ಲ’ ಎಂದು ಬೇಗ ಬೇಗ ಉಂಡು, ತನ್ನ ತಟ್ಟೆಯನ್ನು ತಾನೇ ತೊಳೆದು ಗೋಡೆಗೆ ಆನಿಸಿಟ್ಟ. ಹೊನ್ನೂರಮ್ಮ, ‘ಉಬ್ರಾಣಿ ಹುಡುಗಿ ಹೆಂಗದಾಳಪ್ಪ? ಒಳ್ಳೆಯವಳೇನು?’ ಎಂದು ಕೇಳಿಯೇಬಿಟ್ಟಳು. ‘ಗೊತ್ತಿಲ್ಲತ್ತೆ. ಇನ್ನೂ ನೋಡಿಲ್ಲ. ವರ್ಷದ ಕಾರ್ಯ ಆಗ್ಲಿ ಅಂದೀನಿ’ ಎಂದ ಅವನು. ಜಯಪ್ಪನ ಪಾದ ಮುಟ್ಟಲು ಬಗ್ಗಿದಾಗ ಜಯಪ್ಪ ಕಾಲು ಹಿಂದಕ್ಕೆಳೆದುಕೊಂಡ. ಎಳೆದುಕೊಂಡ ಕಾಲಿದ್ದ ಜಾಗದ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಂಚೇಶ ಹೊರಟ.

ಗೆದ್ದೆ ಎಂದು ಜಯಪ್ಪ ತನಗೆ ತಾನೇ ಹೇಳಿಕೊಂಡ. ಮಧ್ಯಾಹ್ನ ಜಗಲಿಗೆ ಹೋಗಿ ಎರಡು ಚೊಂಬಿಗೆ, ಒಂದು ದೀಪದ ಕಂಬಕ್ಕೆ ಹೆಸರು ಹಾಕಿದ. ಬಸವರಾಜ್, ‘ಏನಂತೆ ಅಳಿಯಂದು?’ ಎಂದದ್ದಕ್ಕೆ, ‘ಪಾತ್ರೆ ನೋಡಾಕೆ ಬಂದಿದ್ದ’ ಎಂದ. ಸೂರ್ಯ ಇಳಿಯುತ್ತಿದ್ದಂತೆ ಮನೆಗೆ ಬಂದು ಕಾಲು ತೊಳೆದು, ದುರುಗಮ್ಮನ ಪಟದ ಮುಂದೆ ದೀಪ ಹಚ್ಚಿದ. ವಿಭೂತಿಗೆ ಕೈ ಚಾಚಿದಾಗ ವಿಭೂತಿ ತಟ್ಟೆಯ ಕೆಳಗಿನಿಂದ ಮಡಿಸಿದ ಕಾಗದ ಜಾರಿತು. ಕೈ ತೊಳೆಯಲು ಎದ್ದವನು ಯಾವ ಹೊತ್ತಿನಲ್ಲಿ ಅಲ್ಲಿಟ್ಟನೋ. ದೀಪದ ಬೆಳಕಿಗೆ ಹಿಡಿದು ಬಿಡಿಸಿದ. ಲಾರಿ ಟೆಂಪೊಗಳ ಬಿಲ್ಲು ಬರೆದು ಅಭ್ಯಾಸವಾದ ಕೆಂಚೇಶನ ದೊಡ್ಡ ಅಕ್ಷರ. ಒಂದರಿಂದ ಎಂಟು ಸರಿಯಾಗಿತ್ತು. ಒಂಬತ್ತು, ವಾರ್ಡ್. ಹತ್ತು, ಡ್ರಿಪ್. ಹನ್ನೊಂದು, ಬಿಲ್. ಹನ್ನೆರಡು:

ಪ್ಲೇಟ್‌ಲೆಟ್.

ಅಷ್ಟೇ. ಬೈಗುಳವಿಲ್ಲ, ಸಹಿಯಿಲ್ಲ. ಜಯಪ್ಪ ಬಿಟ್ಟ ಪದದ ಬಾಲವನ್ನು ಸೇರಿಸಿ, ಕಾಗದವನ್ನು ಅವನಿಗೇ ಕೊಟ್ಟು ಹೋಗಿದ್ದ. ಜಯಪ್ಪ ಅದನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಹೊನ್ನೂರಮ್ಮ ಹಿಂದಿನಿಂದ, ‘ಏನದು?’ ಎಂದಳು. ‘ಚೀಟಿ’ ಎಂದ. ಅವಸರವಾಗಿ ಕಣ್ಣು ಮುಚ್ಚಿ ಶಿವನಾಮ ಹಿಡಿದ. ಶಿವನಾಮ ಮುಗಿಯಿತು. ಚೈತ್ರಶ್ರೀ ಬಂದು ಚಾಪೆಯ ಮೇಲೆ ಕೂತಳು. ರಿಬ್ಬನ್. ಸಾಲ್ಟ್. ಲ್ಯಾಡರ್. ಕಾಟನ್. ಟನಲ್. ಮ್ಯಾಂಗೋ. ರಿವರ್. ಲ್ಯಾಂಪ್. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು, ಒಂಬತ್ತನೆಯದಕ್ಕೆ ಬಾಯಿ ತೆರೆದು ತೋರಿಸಿದಳು, ತುಟಿಗಳು ಒಂದು ಆಕಾರಕ್ಕೆ ಬಂದವು.

ವಾರ್ಡ್.

ಅಲ್ಲ. ಜಯಪ್ಪ ತಲೆ ಕೊಡವಿ ಮೊದಲಿನಿಂದ ಹೇಳಿದ. ಎಂಟರ ತನಕ ಕಾಲುದಾರಿ ಸವೆದು ನುಣುಪಾಗಿತ್ತು. ಒಂಬತ್ತಕ್ಕೆ ಬಂದಾಗ ನಗು ಬಂತು, ನಗುವಿನ ಜೊತೆಗೆ ಪದ ಬರಲಿಲ್ಲ. ಅದರ ಜಾಗದಲ್ಲಿ ಬಿಳಿ ಗೋಡೆ, ಫಿನಾಯಿಲ್ ವಾಸನೆ, ಬಾಟಲಿಯಿಂದ ತೊಟ್ಟು ತೊಟ್ಟಾಗಿ ಇಳಿಯುವ ನೀರು. ಮೂರನೆಯ ಸಲ ಬೇರೆ ಕಡೆಯಿಂದ ಹೊಕ್ಕು ಹನ್ನೆರಡರಿಂದ ಹಿಂದಕ್ಕೆ ಹೇಳಲು ನೋಡಿದ. ಹನ್ನೆರಡರಲ್ಲಿ ಕೆಂಚೇಶ ಕೂತಿದ್ದ. ಮನುಷ್ಯನ ತಲೆ ನಂಬಬಾರದಪ್ಪ ಎಂದು ಅವಳು ಹೇಳಿದ್ದು ಸ್ಪಷ್ಟವಾಗಿ ಕೇಳಿತು. ಬೇಡದ್ದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ತಾಯಿ, ನಾನು ಕೇಳಿದ್ದು ಅವನಿಗೆ ಇಲ್ಲ ಎನ್ನುವ ಭಾಗ್ಯವನ್ನು. ನನಗೇ ಇಲ್ಲವಾಗಲಿ ಎಂದು ಕೇಳಿದ್ದೆನೇ? ಪಟದೊಳಗಿನ ದುರುಗಮ್ಮ ತೆರೆದ ಕಣ್ಣಿನಿಂದ ದೀಪವನ್ನು ನೋಡುತ್ತಿದ್ದಳು.

‘ನಿಂದು ಇನ್ನೂ ಆಗಲಿಲ್ವೇನು?’ ಎಂದು ಹೊನ್ನೂರಮ್ಮ ಕೇಳಿದಳು. ‘ಹೊನ್ನೂರಿ, ನಾನು ದಿನಾ ಹೇಳ್ತಿದ್ದೆನಲ್ಲ, ಲ್ಯಾಂಪ್ ಆದಮೇಲೆ ಏನು?’ ಎಂದು ಅವನು ಹೆಂಡತಿಯ ಸೆರಗು ಹಿಡಿದು ಕೇಳಿದ. ‘ನನಗೇನು ಗೊತ್ತು? ನೀನು ಮೊದಲ ನಾಕು ಜೋರಾಗಿ ಹೇಳ್ತಿದ್ದೆ, ಆಮೇಲೆ ದನಿ ಒಳಗೇ ಹೋಗ್ತಿತ್ತು’ ಎಂದಳು ಅವಳು. ಸೆರಗು ಬಿಡಿಸಿಕೊಳ್ಳಲಿಲ್ಲ. ‘ಹಂಗಾದ್ರೆ ಅವನಿಗೆ ಸುಳ್ಳು ಹೇಳಿದೆಯಲ್ಲ’ ಎಂದಳು.

ಜಯಪ್ಪ ಎದ್ದ. ಮಾರಾಟಕ್ಕೆಂದು ತಂದಿಟ್ಟಿದ್ದ ಹೊಸ ತಟ್ಟೆಯೊಂದನ್ನು ಮೂಲೆಯಿಂದ ತೆಗೆದು, ಪೆಟ್ಟಿಗೆಯಿಂದ ಉಳಿ ಸುತ್ತಿಗೆ ತೆಗೆದು, ದೀಪದ ಮುಂದೆ ಕಾಲು ಮಡಿಚಿ ಕೂತ. ಕೈಗೆ ಕೆಲಸ ಸಿಕ್ಕರೆ ಕೈಯಾದರೂ ನೆನಪಿಸೀತು. ತಟ್ಟೆಯನ್ನು ಬೋರಲು ಹಾಕಿ ಅಂಚಿಗೆ ಒಂಬತ್ತು ಚುಕ್ಕಿ ಹೊಡೆದ, ಒಂದೊಂದನ್ನೂ ಸಮ ಅಂತರದಲ್ಲಿ, ನಲವತ್ತು ವರ್ಷದ ಕೈ ತಪ್ಪದೆ. ಚುಕ್ಕಿಗಳ ಪಕ್ಕಕ್ಕೆ ಉಳಿ ಊರಿದ. ಉಳಿ ಅಕ್ಷರಕ್ಕೆ ಕಾದು ನಿಂತಿತು. ಹೊಸ ಸ್ಟೀಲಿನಲ್ಲಿ ದೀಪ ಕಾಣುತ್ತಿತ್ತು, ದೀಪದ ಹಿಂದೆ ಒಂದು ಮುದಿ ಮುಖ, ಆ ಮುಖದ ಹಿಂದೆ ಖಾಲಿ ಚಾಪೆ. ಅವನು ಸುತ್ತಿಗೆಯನ್ನು ಎತ್ತಿ ಹಿಡಿದು, ಚಾಪೆಯ ಕಡೆಗೆ ತಿರುಗದೆ, ಜಗಲಿಯಲ್ಲಿ ಬಂದವರನ್ನೆಲ್ಲ ಕೇಳುವ ದನಿಯಲ್ಲೇ ಕೇಳಿದ:

‘ಏನಂತ ಹಾಕಲವ್ವ?’